ಚಿಯಾಂಗ್ ಮಾಯ್‌ಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಥಾಯ್ಲೆಂಡ್‌ನಲ್ಲಿ ಬ್ಯಾಂಕಾಕ್, ಪಟ್ಟಾಯ, ಪುಕೆಟ್ ಮುಗಿಸಿದವರು ಮುಂದಿನ ಸಲ ಉತ್ತರದ ಬೆಟ್ಟದ ಊರು ಚಿಯಾಂಗ್ ಮಾಯ್ ಕಡೆ ಮುಖ ಮಾಡುತ್ತಾರೆ. ಹೊರಡುವ ಮುಂಚೆ ಹೆಚ್ಚಾಗಿ ಇವೇ ಪ್ರಶ್ನೆಗಳು ಬರುತ್ತವೆ. ಊರು ಸುತ್ತುವುದು, ಗುಡಿ, ಊಟ, ಹಬ್ಬ, ಕಲಿಯುವಂಥ ಕೆಲಸಗಳು, ಇಷ್ಟರ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ. ಹೋಟೆಲ್ ಹುಡುಕುವುದು ನಿಮಗೆ ಬಿಟ್ಟಿದ್ದು.

ಅಲ್ಲಿ ಸಮುದ್ರ ಇಲ್ಲ, ಬೀಚ್ ಇಲ್ಲ. ನೋಡುವುದಾದರೂ ಏನು?

ಊರನ್ನೇ ನೋಡುವುದು. 1296ರಲ್ಲಿ ಮಂಗ್ರಾಯ್ ಎಂಬ ರಾಜ ಇದನ್ನು ಲಾನ್ನಾ ರಾಜ್ಯದ ರಾಜಧಾನಿಯಾಗಿ ಕಟ್ಟಿಸಿದ. 1558ರಲ್ಲಿ ಬರ್ಮಾದವರು ಗೆದ್ದುಕೊಂಡರು. ಸುಮಾರು ಇನ್ನೂರು ವರ್ಷ ಅವರ ಕೈಯಲ್ಲೇ ಇತ್ತು. ಆಮೇಲಿನ ಯುದ್ಧಗಳಲ್ಲಿ ಜನ ಊರು ಬಿಟ್ಟು ಹೋಗಿ ಕೆಲವು ವರ್ಷ ಇಡೀ ನಗರ ಪಾಳು ಬಿದ್ದಿತ್ತು. 1796ರಲ್ಲಿ ಕಾವಿಲ ಎಂಬ ದೊರೆ ಸುತ್ತಲಿನ ಸೀಮೆಗಳಿಂದ ಜನರನ್ನು ಕರೆತಂದು ಮತ್ತೆ ನೆಲೆಗೊಳಿಸಿದ. ಹೀಗಾಗಿ ಇಲ್ಲಿನ ಮಾತು, ಅಡುಗೆ, ಗುಡಿ ಕಟ್ಟುವ ರೀತಿ ಎಲ್ಲವೂ ಬ್ಯಾಂಕಾಕ್‌ನದ್ದಕ್ಕಿಂತ ಬೇರೆ. ತೇಗದ ಮರದ ಕಂಬಗಳು, ಒಂದರ ಮೇಲೊಂದು ಇಳಿಬಿಟ್ಟ ಮಾಡುಗಳು, ಕೆತ್ತನೆಯಲ್ಲಿ ಬರ್ಮಾದ ನೆರಳು, ಇವೆಲ್ಲ ಎರಡನೇ ದಿನಕ್ಕೆ ನಿಮ್ಮ ಕಣ್ಣಿಗೇ ಗೊತ್ತಾಗುತ್ತವೆ.

ಹಳೇ ಊರು ಚೌಕಾಕಾರ. ಒಂದೊಂದು ಬದಿಯೂ ಒಂದೂವರೆ ಕಿಲೋಮೀಟರ್ ಆಸುಪಾಸು. ಸುತ್ತ ನೀರು ತುಂಬಿದ ಕಂದಕ, ಮೂಲೆಗಳಲ್ಲಿ ಇಟ್ಟಿಗೆ ಕೋಟೆಯ ಉಳಿಕೆ. ಒಳಗೆಲ್ಲ ನಡೆದೇ ಓಡಾಡಬಹುದು. ಪೂರ್ವದ ತಾ ಪೇ ಬಾಗಿಲನ್ನು ಗುರುತಿಟ್ಟುಕೊಂಡರೆ ದಾರಿ ತಪ್ಪುವ ಭಯ ಇಲ್ಲ.

ಎಷ್ಟು ದಿನ ಬೇಕು?

ನಾಲ್ಕು ದಿನ ಇಟ್ಟುಕೊಳ್ಳಿ, ಅದರಲ್ಲಿ ಒಂದು ಭಾನುವಾರ ಇರಲಿ. ಎರಡೇ ದಿನ ಇದೆ ಅನ್ನುವವರು ಬೆಟ್ಟದ ಗುಡಿ ಮತ್ತು ಹಳೇ ಊರು ನೋಡಿ ಸಾಕು ಮಾಡಿ. ಉಳಿದದ್ದನ್ನೆಲ್ಲ ತುರುಕಲು ಹೋದರೆ ವ್ಯಾನಿನ ಸೀಟೇ ಜಾಸ್ತಿ ನೆನಪಲ್ಲಿ ಉಳಿಯುತ್ತದೆ.

ಯಾವ ತಿಂಗಳು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರವರಿ ಮೊದಲ ವಾರದವರೆಗೆ. ಬೆಳಗಿನ ಹೊತ್ತು ಸ್ವೆಟರ್ ಹಾಕುವಷ್ಟು ಚಳಿ, ಮಧ್ಯಾಹ್ನ ಹಿತವಾದ ಬಿಸಿಲು. ಫೆಬ್ರವರಿಯ ಮೊದಲ ವಾರಾಂತ್ಯದಲ್ಲಿ ಹೂವಿನ ಹಬ್ಬ ನಡೆಯುತ್ತದೆ, ಹೂವಿನಲ್ಲೇ ಕಟ್ಟಿದ ರಥಗಳು ಬೀದಿಗೆ ಬರುತ್ತವೆ.

ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗಿನ ಕಾಲದ ಬಗ್ಗೆ ಮಾತ್ರ ಟೂರ್ ಏಜೆಂಟರು ಬಾಯಿ ಬಿಡುವುದಿಲ್ಲ. ಸುತ್ತಮುತ್ತಲ ಬೆಟ್ಟಗಳಲ್ಲಿ, ಗಡಿಯಾಚೆಯ ಮ್ಯಾನ್ಮಾರ್, ಲಾವೋಸ್‌ಗಳಲ್ಲೂ ಹೊಲದ ಕೂಳೆಗೆ, ಒಣ ಕಾಡಿಗೆ ಬೆಂಕಿ ಬೀಳುತ್ತದೆ. ಚಿಯಾಂಗ್ ಮಾಯ್ ಇರುವುದು ಬೆಟ್ಟಗಳ ನಡುವಿನ ತಗ್ಗಿನಲ್ಲಿ. ಹೊಗೆ ಅಲ್ಲೇ ಕೂತುಬಿಡುತ್ತದೆ. ಕೆಲವು ದಿನ ಜಗತ್ತಿನ ಅತಿ ಕೆಟ್ಟ ಗಾಳಿಯ ನಗರಗಳ ಪಟ್ಟಿಯಲ್ಲಿ ಈ ಊರು ಮೇಲಕ್ಕೆ ಬರುತ್ತದೆ, ಎದುರಿಗಿರುವ ಬೆಟ್ಟವೇ ಕಾಣುವುದಿಲ್ಲ. ಉಬ್ಬಸ ಇರುವವರು, ಪುಟ್ಟ ಮಕ್ಕಳಿರುವವರು ಮಾರ್ಚ್ ತಿಂಗಳನ್ನು ಬಿಟ್ಟುಬಿಡಿ. ಟಿಕೆಟ್ ಅಗ್ಗ ಸಿಕ್ಕಿತು ಎಂದು ಆಸೆ ಬೀಳಬೇಡಿ.

ಮಳೆಗಾಲ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಮಲೆನಾಡು, ಕರಾವಳಿಯವರಿಗೆ ಆ ಮಳೆ ಲೆಕ್ಕಕ್ಕೇ ಇಲ್ಲ. ಹೆಚ್ಚಾಗಿ ಮಧ್ಯಾಹ್ನದ ಮೇಲೆ ಸುರಿದು ನಿಲ್ಲುತ್ತದೆ. ಗದ್ದೆಗಳೆಲ್ಲ ಹಸಿರು, ಜನವೂ ಕಡಿಮೆ.

ಹೆಜ್ಜೆಗೊಂದು ಗುಡಿ ಇದೆಯಂತೆ. ಯಾವುದು ನೋಡಲಿ, ಯಾವುದು ಬಿಡಲಿ?

ಹಳೇ ಊರಿನಲ್ಲಿ ಮೂರು ಸಾಕು. ಆದರೆ ಆ ಮೂರನ್ನು ನಿಧಾನವಾಗಿ ನೋಡಿ.

ಮೊದಲನೆಯದು ವಾಟ್ ಚಿಯಾಂಗ್ ಮಾನ್. ವಾಟ್ ಅಂದರೆ ಗುಡಿ. ಊರಿನ ಎಲ್ಲಕ್ಕಿಂತ ಹಳೆಯ ಗುಡಿ. ಕೋಟೆ ಕಟ್ಟುವಾಗ ಮಂಗ್ರಾಯ್ ಬೀಡುಬಿಟ್ಟಿದ್ದ ಜಾಗ ಇದೇ ಎನ್ನುತ್ತಾರೆ. ಹಿಂದಿರುವ ಸ್ತೂಪವನ್ನು ಸುತ್ತಲೂ ಆನೆಗಳು ಹೊತ್ತು ನಿಂತಿವೆ. ಇಲ್ಲಿ 1581ರ ಒಂದು ಶಾಸನ ಇದೆ. ನಗರ ಕಟ್ಟಿದ ದಿನ ಯಾವುದು ಎಂದು ತಿಳಿದಿರುವುದು ಅದರಿಂದಲೇ.

ಎರಡನೆಯದು ವಾಟ್ ಚೆದಿ ಲುವಾಂಗ್. ಗುಡಿಯ ನಡುವೆ ಇಟ್ಟಿಗೆಯ ದೈತ್ಯ ಸ್ತೂಪ. 14ನೇ ಶತಮಾನದ ಕೊನೆಯಲ್ಲಿ ಶುರುವಾದ ಕೆಲಸ 15ನೇ ಶತಮಾನದಲ್ಲಿ ಮುಗಿಯಿತು. 1545ರ ಭೂಕಂಪಕ್ಕೆ ನೆತ್ತಿ ಉರುಳಿತು. ಮತ್ತೆ ಯಾರೂ ಅದನ್ನು ಕಟ್ಟಲಿಲ್ಲ. 1990ರ ದಶಕದಲ್ಲಿ ಯುನೆಸ್ಕೊ ಮತ್ತು ಜಪಾನ್ ಸರ್ಕಾರದ ನೆರವಿನಿಂದ ಒಂದಿಷ್ಟು ದುರಸ್ತಿಯಾಯಿತು. ದಕ್ಷಿಣ ಬದಿಯ ಆನೆಗಳನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಮೈ ನುಣುಪಾಗಿ, ಸೊಂಡಿಲು ಕಿವಿ ಎಲ್ಲ ಸರಿಯಾಗಿ ಇರುವವು ಈಚೆಗೆ ಸಿಮೆಂಟಿನಲ್ಲಿ ಮಾಡಿದವು. ಬಲತುದಿಯಲ್ಲಿ ಕಿವಿಯಿಲ್ಲದ, ಇಟ್ಟಿಗೆ ಕಾಣುವ ಒಂದು ಇದೆಯಲ್ಲ, ಅದು ಹಳೆಯದು. ನನ್ನನ್ನು ಕೇಳಿದರೆ ಅದೊಂದನ್ನೇ ನೋಡಲು ಅಲ್ಲಿಗೆ ಹೋಗಬಹುದು. ಈಗ ಬ್ಯಾಂಕಾಕ್‌ನಲ್ಲಿರುವ ಪಚ್ಚೆ ಬುದ್ಧನ ವಿಗ್ರಹ 15ನೇ ಶತಮಾನದಲ್ಲಿ ಇದೇ ಸ್ತೂಪದ ಪೂರ್ವದ ಗೂಡಿನಲ್ಲಿತ್ತು. ಪಕ್ಕದಲ್ಲೇ ವಾಟ್ ಫಾನ್ ತಾವ್ ಎಂಬ ಪೂರ್ತಿ ತೇಗದ ಗುಡಿ ಇದೆ. ಐದು ನಿಮಿಷ ಅಲ್ಲೂ ಇಣುಕಿ.

ಮೂರನೆಯದು ವಾಟ್ ಫ್ರಾ ಸಿಂಗ್, 1345ರದ್ದು. ಎಲ್ಲರೂ ಮುಂದಿನ ದೊಡ್ಡ ಕಟ್ಟಡದ ಫೋಟೊ ತೆಗೆದುಕೊಂಡು ವಾಪಸ್ ಹೋಗುತ್ತಾರೆ. ಒಳ್ಳೆಯದು ಇರುವುದು ಹಿಂದಿನ ಸಣ್ಣ ಕಟ್ಟಡದಲ್ಲಿ. ವಿಹಾರ್ನ್ ಲಾಯ್ ಖಾಮ್ ಎಂದು ಕೇಳಿ. ಗೋಡೆಯ ಮೇಲೆ 19ನೇ ಶತಮಾನದ ಚಿತ್ರಗಳಿವೆ. ಬಂಗಾರದ ಶಂಖದಲ್ಲಿ ಹುಟ್ಟಿದ ರಾಜಕುಮಾರನ ಜನಪದ ಕತೆ ಅದು. ಕತೆ ಹಾಗಿರಲಿ, ಚಿತ್ರದ ಮೂಲೆಗಳನ್ನು ನೋಡಿ. ತೊಡೆತುಂಬ ಹಚ್ಚೆ ಹಾಕಿಸಿಕೊಂಡ ಗಂಡಸರು, ಅಡ್ಡಪಟ್ಟೆಯ ಸೀರೆಯಂಥ ಬಟ್ಟೆ ಸುತ್ತಿಕೊಂಡ ಹೆಂಗಸರು, ಮಾತಿಗೆ ಕೂತವರು. ಇನ್ನೂರು ವರ್ಷದ ಹಿಂದಿನ ಊರು ಅಲ್ಲಿ ಹಾಗೇ ಇದೆ.

ಬೆಟ್ಟದ ಮೇಲಿನ ದೊಯ್ ಸುತೇಪ್‌ಗೆ ಹೋಗಲೇಬೇಕಾ?

ಹೋಗಿ. ಈ ಊರಿನವರಿಗೆ ಅದು ಮನೆದೇವರಿದ್ದ ಹಾಗೆ. ವಾಟ್ ಫ್ರಾ ಥಾಟ್ ದೊಯ್ ಸುತೇಪ್ ಅದರ ಪೂರ್ತಿ ಹೆಸರು. 1383ರಲ್ಲಿ ಕುಯೆನಾ ರಾಜನ ಕಾಲದಲ್ಲಿ ಕಟ್ಟಿದ್ದು. ಬುದ್ಧನ ಅಸ್ಥಿಯನ್ನು ಬಿಳಿ ಆನೆಯ ಬೆನ್ನ ಮೇಲಿಟ್ಟು ಬಿಟ್ಟರಂತೆ. ಅದು ಬೆಟ್ಟ ಹತ್ತಿ, ಮೂರು ಸಲ ಘೀಳಿಟ್ಟು, ಅಲ್ಲೇ ಪ್ರಾಣ ಬಿಟ್ಟಿತಂತೆ. ಗುಡಿ ಎದ್ದಿದ್ದು ಆ ಜಾಗದಲ್ಲಿ.

ಮೇಲಕ್ಕೆ ಹೋಗುವ ರಸ್ತೆಗೂ ಒಂದು ಕತೆ ಇದೆ, ಇದು ಈಚಿನದು. 1934ರವರೆಗೆ ಕಾಲುದಾರಿ ಮಾತ್ರ ಇತ್ತು. ಖ್ರುಬಾ ಸಿವಿಚಾಯ್ ಎಂಬ ಭಿಕ್ಷು ಜನರನ್ನು ಕರೆದ. ಹಳ್ಳಿಹಳ್ಳಿಯಿಂದ ಸಾವಿರಾರು ಮಂದಿ ಗುದ್ದಲಿ ಹಿಡಿದು ಬಂದು, ಕೂಲಿ ಇಲ್ಲದೆ, ಆರು ತಿಂಗಳೊಳಗೆ ಹನ್ನೊಂದು ಕಿಲೋಮೀಟರಿಗೂ ಹೆಚ್ಚಿನ ರಸ್ತೆ ಕಡಿದು ಮುಗಿಸಿದರು. ಬೆಟ್ಟದ ಬುಡದಲ್ಲಿ ಆತನ ಪ್ರತಿಮೆ ಇದೆ. ಮೇಲೆ ಹೋಗುವ ಮುಂಚೆ ಜನ ಅಲ್ಲಿ ಇಳಿದು ಹೂ ಇಟ್ಟು ಕೈ ಮುಗಿಯುತ್ತಾರೆ.

ರಸ್ತೆ ಮುಗಿದ ಮೇಲೆ ಮುನ್ನೂರು ಚಿಲ್ಲರೆ ಮೆಟ್ಟಿಲು, ಎರಡೂ ಕಡೆ ಉದ್ದಕ್ಕೆ ಮೈಚಾಚಿದ ನಾಗರಗಳು. ಮಂಡಿ ನೋವಿದ್ದರೆ ಕೇಬಲ್ ಕಾರ್ ಇದೆ, ಸಂಕೋಚ ಬೇಡ. ಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದರೆ ಬಂಗಾರದ ಸ್ತೂಪ. ಭಕ್ತರು ತಾವರೆ ಮೊಗ್ಗು, ಊದುಬತ್ತಿ, ಮೇಣದಬತ್ತಿ ಹಿಡಿದು ಮೂರು ಸುತ್ತು ಪ್ರದಕ್ಷಿಣೆ ಹಾಕುತ್ತಾರೆ. ನಾವು ಹಾಕುವ ಹಾಗೇ ಬಲಕ್ಕೆ. ಸೇರಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಬೆಳಗ್ಗೆ ಬೇಗ ಹೋದರೆ ನೆಲ ತಣ್ಣಗಿರುತ್ತದೆ. ಹನ್ನೊಂದರ ಹೊತ್ತಿಗೆ ಟೂರಿಸ್ಟ್ ವ್ಯಾನುಗಳು ಸಾಲುಗಟ್ಟುತ್ತವೆ.

ನಡೆಯುವ ಅಭ್ಯಾಸ ಇರುವವರಿಗೆ ಭಿಕ್ಷುಗಳು ಹಿಂದೆ ಬಳಸುತ್ತಿದ್ದ ಕಾಡುದಾರಿ ಇನ್ನೂ ಇದೆ. ವಿಶ್ವವಿದ್ಯಾಲಯದ ಹಿಂಭಾಗದಿಂದ ಹತ್ತಿದರೆ ನಡುವೆ ವಾಟ್ ಫಾ ಲಾಟ್ ಸಿಗುತ್ತದೆ. ಹರಿಯುವ ತೊರೆ, ಪಾಚಿ ಕಟ್ಟಿದ ಕಲ್ಲುಗಳು. ಮೇಲಿನ ಗುಡಿಗಿಂತ ಇದೇ ಇಷ್ಟವಾಯಿತು ಅನ್ನುವವರು ಬಹಳ.

ಗುಡಿಗೆ ಏನು ಹಾಕಿಕೊಂಡು ಹೋಗಬೇಕು?

ಹೆಗಲು, ಮಂಡಿ ಮುಚ್ಚಿರಬೇಕು, ಅಷ್ಟೇ. ಚೂಡಿದಾರ್, ಪ್ಯಾಂಟ್, ಪಂಚೆ ಯಾವುದೂ ಸರಿ. ಬುದ್ಧನ ಮುಂದೆ ಕೂತಾಗ ಕಾಲು ಚಾಚಬೇಡಿ, ಪಾದ ಹಿಂದಕ್ಕೆ ಮಡಚಿ ಕೂರಿ. ಮಕ್ಕಳು ಮುದ್ದಾಗಿವೆ ಎಂದು ತಲೆ ಸವರಬೇಡಿ, ಅಲ್ಲಿ ತಲೆ ಮುಟ್ಟುವುದು ಮರ್ಯಾದೆ ಅಲ್ಲ. ಹೆಂಗಸರು ಭಿಕ್ಷುಗಳಿಗೆ ಏನಾದರೂ ಕೊಡುವುದಿದ್ದರೆ ಕೈಗೆ ಕೊಡದೆ ಅವರು ಹಾಸಿದ ಬಟ್ಟೆಯ ಮೇಲೆ ಇಡಬೇಕು. ರಾಜಮನೆತನದ ಬಗ್ಗೆ ತಮಾಷೆಗೂ ಹಗುರವಾಗಿ ಮಾತಾಡಬೇಡಿ, ಅದಕ್ಕೆ ಜೈಲೇ ಆಗುತ್ತದೆ.

ಹೆಂಗಸರನ್ನು ಬಿಡದ ಜಾಗಗಳೂ ಇವೆಯಂತೆ, ಹೌದಾ?

ಹೌದು, ಇವೆ. ಚೆದಿ ಲುವಾಂಗ್‌ನ ಆವರಣದಲ್ಲಿರುವ ನಗರ ಸ್ತಂಭದ ಗುಡಿ ಇಂತಾಖಿನ್, ವುವಾಲಾಯ್ ಬೀದಿಯ ಬೆಳ್ಳಿ ಗುಡಿಯ ಒಳಗರ್ಭ, ಹೀಗೆ ಕೆಲವು ಕಡೆ ಬೋರ್ಡ್ ಹಾಕಿರುತ್ತಾರೆ. ಟಿಕೆಟ್ ಕೊಂಡ ಮೇಲೆ ಗೊತ್ತಾಗಿ ಸಿಟ್ಟಾಗುವವರನ್ನು ನೋಡಿದ್ದೇನೆ. ಸಿಟ್ಟು ಬರುವುದು ಸಹಜವೇ. ಬೆಳ್ಳಿ ಗುಡಿಯ ಹೊರಗೋಡೆಯೇ ನೋಡುವಂಥದ್ದು, ಅದಕ್ಕೇನೂ ಅಡ್ಡಿಯಿಲ್ಲ.

ಭಿಕ್ಷುಗಳ ಜೊತೆ ಮಾತಾಡಬಹುದಾ?

ಧಾರಾಳವಾಗಿ. ಚೆದಿ ಲುವಾಂಗ್, ಸುವಾನ್ ದೊಕ್ ಮುಂತಾದ ಕಡೆ ಇದಕ್ಕೆಂದೇ ಮೇಜು ಕುರ್ಚಿ ಹಾಕಿರುತ್ತಾರೆ, ಮಾಂಕ್ ಚಾಟ್ ಎಂದು ಬರೆದಿರುತ್ತದೆ. ಓದುತ್ತಿರುವ ಕಿರಿಯ ಭಿಕ್ಷುಗಳಿಗೆ ಇಂಗ್ಲಿಷ್ ರೂಢಿಯಾಗಬೇಕು, ನಿಮಗೆ ವಿಷಯ ತಿಳಿಯಬೇಕು. ಫೀಸು ಇಲ್ಲ. ನಿರ್ವಾಣ, ಕರ್ಮ ಎಂದು ಶುರು ಮಾಡಬೇಡಿ. ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ, ಮಧ್ಯಾಹ್ನದ ನಂತರ ಊಟ ಇಲ್ಲದೆ ಹೇಗಿರುತ್ತೀರಿ, ಮನೆಗೆ ಹೋಗುತ್ತೀರಾ ಎಂದು ಕೇಳಿ. ಮಾತು ತಾನಾಗಿ ಬೆಳೆಯುತ್ತದೆ. ಎಷ್ಟೋ ಹುಡುಗರು ಬೆಟ್ಟದ ಬಡ ಹಳ್ಳಿಗಳಿಂದ ಓದಿಗಾಗಿಯೇ ಗುಡಿ ಸೇರಿದವರು.

ಕೈಕೆಲಸ ಮಾಡುವುದನ್ನು ಹತ್ತಿರದಿಂದ ನೋಡಲು ಆಗುತ್ತದಾ?

ಅದಕ್ಕೆ ಈ ಊರಿಗಿಂತ ಒಳ್ಳೆಯ ಜಾಗ ಇಲ್ಲ. 2017ರಲ್ಲಿ ಯುನೆಸ್ಕೊ ಇದನ್ನು ಕರಕುಶಲ ಮತ್ತು ಜನಪದ ಕಲೆಯ ನಗರ ಎಂದು ತನ್ನ ಪಟ್ಟಿಗೆ ಸೇರಿಸಿಕೊಂಡಿತು.

ಬೊ ಸಾಂಗ್ ಹಳ್ಳಿಗೆ ಹೋಗಿ. ಸಾನ್ ಕಂಫೇಂಗ್ ರಸ್ತೆಯಲ್ಲಿದೆ, ಊರಿಂದ ಅರ್ಧ ಗಂಟೆಯ ದಾರಿ. ಅಲ್ಲಿ ಕಾಗದದ ಕೊಡೆ ಮಾಡುತ್ತಾರೆ. ಕಾಗದವೂ ಅಲ್ಲಿನದ್ದೇ, ಸಾ ಎಂಬ ಮರದ ತೊಗಟೆಯನ್ನು ಬೇಯಿಸಿ, ಬಡಿದು, ನೀರಲ್ಲಿ ಕದಡಿ, ಜರಡಿಯಲ್ಲಿ ಎತ್ತಿ ಒಣಗಿಸಿದ್ದು. ಒಬ್ಬರು ಬಿದಿರಿನ ಕಡ್ಡಿ ಸೀಳುತ್ತಿರುತ್ತಾರೆ, ಇನ್ನೊಬ್ಬರು ಕಡ್ಡಿಗಳನ್ನು ದಾರದಲ್ಲಿ ಪೋಣಿಸುತ್ತಿರುತ್ತಾರೆ, ಮತ್ತೊಬ್ಬರು ಅಂಟು ಸವರಿ ಕಾಗದ ಹಚ್ಚುತ್ತಿರುತ್ತಾರೆ. ಕೊನೆಯಲ್ಲಿ ಚಿತ್ರ ಬರೆಯುವವರ ಸಾಲು. ಚಪ್ಪಟೆ ಕುಂಚದ ಒಂದು ಅಂಚಿಗೆ ಗಾಢ ಬಣ್ಣ, ಇನ್ನೊಂದು ಅಂಚಿಗೆ ತಿಳಿ ಬಣ್ಣ ತಾಗಿಸಿಕೊಂಡು ಒಮ್ಮೆ ತಿರುಗಿಸಿದರೆ ನೆರಳು ಬೆಳಕಿನ ಸಮೇತ ಹೂವಿನ ಎಸಳು ಬಂತು ಅಂತ ಲೆಕ್ಕ. ನಿಮ್ಮ ಮೊಬೈಲ್ ಕವರ್, ಕೈಚೀಲ ಕೊಟ್ಟರೆ ಅದರ ಮೇಲೂ ಬರೆದುಕೊಡುತ್ತಾರೆ, ಕೊಡೆಗಿಂತ ಅಗ್ಗ. ಜನವರಿಯಲ್ಲಿ ಇಲ್ಲಿ ಕೊಡೆ ಹಬ್ಬ ಇರುತ್ತದೆ.

ಬೆಳ್ಳಿ ಕೆಲಸ ನೋಡಲು ಹಳೇ ಊರಿನ ದಕ್ಷಿಣಕ್ಕಿರುವ ವುವಾಲಾಯ್ ಬೀದಿ. ಅಕ್ಕಸಾಲಿಗರ ಹಳೆಯ ಕೇರಿ ಅದು. ಅಲ್ಲಿನ ವಾಟ್ ಸಿ ಸುಫಾನ್ ಅನ್ನೇ ಬೆಳ್ಳಿ ಗುಡಿ ಎನ್ನುವುದು. ಗೋಡೆ, ಮಾಡು, ಬಾಗಿಲು ಎಲ್ಲ ಫಳಫಳ. ಪೂರ್ತಿ ಬೆಳ್ಳಿ ಎಂದುಕೊಳ್ಳಬೇಡಿ, ಹೆಚ್ಚಿನದು ಅಲ್ಯೂಮಿನಿಯಂ ಮತ್ತು ಮಿಶ್ರಲೋಹ. ಆದರೆ ಕೈಕೆಲಸ ಅಸಲಿ. ತಗಡಿನ ಕೆಳಗೆ ರಾಳ ಹಾಕಿ, ಉಳಿಯಿಂದ ಸಣ್ಣಗೆ ತಟ್ಟಿ ಉಬ್ಬುಚಿತ್ರ ಎಬ್ಬಿಸುತ್ತಾರೆ. ಗುಡಿಯ ಪಕ್ಕದ ಶೆಡ್ಡಿನಲ್ಲೇ ಕೂತು ಕೆಲಸ ನಡೆಯುತ್ತಿರುತ್ತದೆ, ನಿಮಗೂ ಒಂದು ಸಣ್ಣ ತಗಡು ಕೊಟ್ಟು ಕಲಿಸುತ್ತಾರೆ.

ರಾತ್ರಿ ಸಂತೆಗಳಲ್ಲಿ ಯಾವುದಕ್ಕೆ ಹೋಗಲಿ?

ಭಾನುವಾರ ಸಂಜೆ ತಾ ಪೇ ಬಾಗಿಲಿನಿಂದ ರಾಚದಮ್ನೋನ್ ರಸ್ತೆಯುದ್ದಕ್ಕೂ ನಡೆಯುವ ಸಂತೆಗೆ. ಶನಿವಾರ ವುವಾಲಾಯ್‌ನಲ್ಲಿ. ದಿನಾ ಇರುವ ನೈಟ್ ಬಜಾರ್ ಅಷ್ಟೇನೂ ವಿಶೇಷ ಅಲ್ಲ, ಒಂದೇ ಥರದ ಪ್ಯಾಂಟು, ಒಂದೇ ಥರದ ಮ್ಯಾಗ್ನೆಟ್ಟು.

ಭಾನುವಾರ ನಾಲ್ಕೂವರೆ ಐದಕ್ಕೇ ಹೋಗಿ. ಏಳರ ಮೇಲೆ ಜನ ನಿಮ್ಮನ್ನು ತಳ್ಳಿಕೊಂಡು ಹೋಗುತ್ತಾರೆ. ಬೀದಿಯಲ್ಲಿನ ಗುಡಿಗಳ ಅಂಗಳದಲ್ಲೇ ತಿಂಡಿ ಅಂಗಡಿಗಳು ಇರುತ್ತವೆ. ಆರು ಗಂಟೆಗೆ ಇದ್ದಕ್ಕಿದ್ದಂತೆ ಎಲ್ಲರೂ ನಿಂತುಬಿಡುತ್ತಾರೆ, ಗಾಬರಿ ಬೇಡ. ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬರುತ್ತಿರುತ್ತದೆ. ನೀವೂ ನಿಲ್ಲಿ. ಮುಗಿದ ಕೂಡಲೇ ನಿಂತ ಮಾತು ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಚೌಕಾಸಿ ಮಾಡಬಹುದು, ಆದರೆ ನಗುನಗುತ್ತಾ. ಮಾಡಿದವರೇ ಕೂತು ಮಾರುತ್ತಿರುವ ವಸ್ತುವಿಗೆ ಅರ್ಧ ಬೆಲೆ ಕೇಳಬೇಡಿ ಮಾರಾಯ್ರೇ.

ನಾವು ಶುದ್ಧ ಸಸ್ಯಾಹಾರಿಗಳು. ಉಪವಾಸ ಬೀಳುತ್ತೇವಾ?

ಇಲ್ಲ. ಥಾಯ್ಲೆಂಡ್‌ನಲ್ಲಿ ಸಸ್ಯಾಹಾರಿಗಳಿಗೆ ಅನುಕೂಲದ ಊರುಗಳಲ್ಲಿ ಇದೂ ಒಂದು. ಆದರೆ ಕೇಳುವ ರೀತಿ ಗೊತ್ತಿರಬೇಕು. ವೆಜ್ ಎಂದರೆ ತರಕಾರಿ ಹಾಕಿದ ಅಡುಗೆ ಎಂದು ತಿಳಿದು, ಮೀನಿನ ಸಾಸ್ ಸುರಿದು ಕೊಡುತ್ತಾರೆ, ಮೋಸ ಮಾಡಬೇಕೆಂದಲ್ಲ. ನೀವು ಹೇಳಬೇಕಾದ್ದು ಜೇ. ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲದ, ಬೆಳ್ಳುಳ್ಳಿ ಈರುಳ್ಳಿ ಕೂಡ ಇಲ್ಲದ ಊಟ ಅದು. ಹಳದಿ ಬಾವುಟದ ಮೇಲೆ ಕೆಂಪಕ್ಷರದ ಗುರುತು ಇರುವ ಅಂಗಡಿ ಕಂಡರೆ ಕಣ್ಣು ಮುಚ್ಚಿಕೊಂಡು ಒಳಗೆ ಹೋಗಿ. ಬೆಳ್ಳುಳ್ಳಿ ಈರುಳ್ಳಿ ತಿನ್ನದ ಮನೆಯವರಿಗೂ, ಜೈನರಿಗೂ ಇಷ್ಟು ಸಲೀಸು ಬೇರೆ ಕಡೆ ಸಿಗುವುದು ಕಷ್ಟ.

ಗೊತ್ತಾಗದೆ ಎಡವುವ ಕಡೆಗಳು ಮೂರು ನಾಲ್ಕಿವೆ. ಕರಿ ಮಾಡುವ ಮಸಾಲೆಯಲ್ಲಿ ಸೀಗಡಿ ಅರೆದು ಹಾಕಿರುತ್ತಾರೆ, ಮೇಲೆ ಎಷ್ಟೇ ತೋಫು ಇದ್ದರೂ. ಪಪ್ಪಾಯದ ಸೊಮ್ ತಮ್‌ನಲ್ಲಿ ಒಣ ಸೀಗಡಿ, ಮೀನಿನ ಸಾಸ್ ಎರಡೂ ಇರುತ್ತವೆ. ಊರಿನ ಹೆಸರುವಾಸಿ ತಿಂಡಿ ಖಾವ್ ಸೊಯ್‌ನ ಹಳದಿ ನೂಡಲ್ಸ್‌ಗೆ ಮೊಟ್ಟೆ ಬಿದ್ದಿರುತ್ತದೆ. ಹಸಿರು ಸೊಪ್ಪಿನ ಪಲ್ಯಕ್ಕೆ ಆಯಿಸ್ಟರ್ ಸಾಸ್. ಮಾಯ್ ಸಾಯ್ ನಾಮ್ ಪ್ಲಾ, ಅಂದರೆ ಮೀನಿನ ಸಾಸ್ ಬೇಡ, ಈ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ.

ಖಾವ್ ಸೊಯ್ ಮಾತ್ರ ತಪ್ಪಿಸಬೇಡಿ, ಮೊಟ್ಟೆ ಇಲ್ಲದ್ದು ವೀಗನ್ ಹೋಟೆಲುಗಳಲ್ಲಿ ಸಿಗುತ್ತದೆ. ತೆಂಗಿನ ಹಾಲಿನ ಖಾರದ ಸಾರು, ಒಳಗೆ ಮೆತ್ತನೆಯ ನೂಡಲ್ಸ್, ಮೇಲೆ ಅದೇ ನೂಡಲ್ಸನ್ನು ಕರಿದ ಗರಿಗರಿ. ಪಕ್ಕದ ತಟ್ಟೆಯಲ್ಲಿ ಸಾಸಿವೆ ಸೊಪ್ಪಿನ ಉಪ್ಪಿನಕಾಯಿ, ಹಸಿ ಸಣ್ಣ ಈರುಳ್ಳಿ, ನಿಂಬೆಹೋಳು, ಎಣ್ಣೆಯಲ್ಲಿ ಹುರಿದ ಮೆಣಸಿನ ಪುಡಿ. ಅವೆಲ್ಲವನ್ನೂ ಸೇರಿಸಿದ ಮೇಲೇ ಅದು ಖಾವ್ ಸೊಯ್. ಮಾಂಸ ತಿನ್ನುವವರು ಸಾಯ್ ಉವಾ ಎಂಬ ಹಂದಿ ಸಾಸೇಜ್ ಹುಡುಕಿ. ನಿಂಬೆಹುಲ್ಲಿನ ಘಮ ಬೀದಿಯ ಆಚೆ ತುದಿಗೇ ಬರುತ್ತದೆ.

ಅಡುಗೆ ಕ್ಲಾಸಿಗೆ ದುಡ್ಡು ಕೊಡುವುದು ದಂಡ ಅಲ್ವಾ?

ನಾನು ಗುಡಿ ಒಂದು ಬಿಟ್ಟಾದರೂ ಇದಕ್ಕೆ ಹೋಗಿ ಅನ್ನುತ್ತೇನೆ. ಅರ್ಧ ದಿನದ ಕ್ಲಾಸು ಸಾಕು. ಮೊದಲು ಮಾರುಕಟ್ಟೆಗೆ ಕರೆದುಕೊಂಡು ಹೋಗಿ ಸಾಮಾನು ತೋರಿಸುತ್ತಾರೆ. ಬಟಾಣಿಯಷ್ಟು ಗಾತ್ರದ ಬದನೆ, ಶುಂಠಿಯ ಅಣ್ಣನಂತಿರುವ ಗಲಾಂಗಲ್. ನಾವು ಪೂಜೆಗೆ ಇಡುವ ತುಳಸಿಯನ್ನು ಅವರು ಹಿಡಿಗಟ್ಟಲೆ ಬಾಣಲೆಗೆ ಹಾಕಿ ಹುರಿಯುತ್ತಾರೆ. ಆಮೇಲೆ ಕಲ್ಲಿನ ಕುಟ್ಟಾಣಿ ನಿಮ್ಮ ಕೈಗೆ ಬರುತ್ತದೆ. ಒಣಮೆಣಸು ಮತ್ತು ಉಪ್ಪನ್ನು ಮೊದಲು ಕುಟ್ಟಬೇಕು, ನಾರಿರುವ ನಿಂಬೆಹುಲ್ಲು, ಗಲಾಂಗಲ್ ಆಮೇಲೆ, ನೀರು ಬಿಡುವ ಈರುಳ್ಳಿ ಬೆಳ್ಳುಳ್ಳಿ ಕೊನೆಗೆ. ಕ್ರಮ ತಪ್ಪಿದರೆ ಮಸಾಲೆ ಎಗರಿ ಕಣ್ಣಿಗೆ ಬೀಳುತ್ತದೆ. ತೆಂಗಿನ ಹಾಲನ್ನು ಎಣ್ಣೆ ಬಿಡುವವರೆಗೆ ಕಾಯಿಸಿ ಮಸಾಲೆ ಹಾಕುವುದು ನಮ್ಮ ಮಂಗಳೂರು ಕಡೆಯವರಿಗೆ ಹೊಸದೇನೂ ಅನ್ನಿಸದು.

ಬುಕ್ ಮಾಡುವಾಗಲೇ ಸಸ್ಯಾಹಾರಿ ಎಂದು ತಿಳಿಸಿ. ಸೀಗಡಿ ಇಲ್ಲದ ಮಸಾಲೆ, ಬೇರೆ ಬಾಣಲೆ ಎಲ್ಲ ಕೊಡುತ್ತಾರೆ.

ಖಾಂತೋಕ್ ಊಟ, ನೃತ್ಯ ನೋಡಲು ಹೋಗಬಹುದಾ?

ಹಿರಿಯರು, ಮಕ್ಕಳು ಜೊತೆಗಿದ್ದರೆ ಹೋಗಿ. ನೆಲದ ಮೇಲೆ ಕೂತು, ಕುಳ್ಳಗಿನ ದುಂಡು ಮಣೆಯ ಮೇಲೆ ಬಡಿಸಿದ ಅಂಟನ್ನ, ಪಲ್ಯ, ಚಟ್ನಿ ತಿನ್ನುತ್ತಾ ಬೆರಳಿಗೆ ಉದ್ದನೆಯ ಹಿತ್ತಾಳೆ ಉಗುರು ತೊಟ್ಟ ಹುಡುಗಿಯರ ನೃತ್ಯ ನೋಡುವುದು. ಟೂರಿಸ್ಟರಿಗಾಗಿಯೇ ಮಾಡಿದ ಕಾರ್ಯಕ್ರಮ, ಅದನ್ನು ಮುಚ್ಚಿಡುವುದೇನಿಲ್ಲ.

ಆನೆ ಸವಾರಿ ಮಾಡಬಹುದಾ?

ಬೇಡ. ಬೆನ್ನ ಮೇಲೆ ಕುರ್ಚಿ ಕಟ್ಟಿ ಜನರನ್ನು ಹೊರಿಸಲು ಆನೆಮರಿಯನ್ನು ತಾಯಿಯಿಂದ ಬಿಡಿಸಿ, ಕಟ್ಟಿಹಾಕಿ, ಹೊಡೆದು ಪಳಗಿಸುತ್ತಾರೆ. ಚಿತ್ರ ಬರೆಯುವ, ಫುಟ್‌ಬಾಲ್ ಆಡುವ ಆನೆಗಳ ಹಿಂದೆಯೂ ಅದೇ ಕತೆ.

ಇಷ್ಟೊಂದು ಆನೆ ಕ್ಯಾಂಪುಗಳು ಯಾಕಿವೆ ಅಂದರೆ, 1989ರಲ್ಲಿ ಥಾಯ್ಲೆಂಡ್ ಕಾಡು ಕಡಿಯುವುದನ್ನು ನಿಷೇಧಿಸಿತು. ಅಲ್ಲಿಯವರೆಗೆ ತೇಗದ ದಿಮ್ಮಿ ಎಳೆಯುತ್ತಿದ್ದ ಆನೆಗಳಿಗೂ ಮಾವುತರಿಗೂ ಒಮ್ಮೆಗೇ ಕೆಲಸ ಇಲ್ಲದಾಯಿತು. ಹೊಟ್ಟೆ ತುಂಬಿಸಲು ಟೂರಿಸಂಗೆ ಬಂದರು. ಆದ್ದರಿಂದ ಆನೆ ನೋಡಲು ಹೋಗುವುದೇ ತಪ್ಪು ಎಂದಲ್ಲ. ಎಲ್ಲಿಗೆ ಹೋಗುತ್ತೀರಿ ಅನ್ನುವುದು ಮುಖ್ಯ. ಮೇ ತೇಂಗ್ ಕಣಿವೆಯ ಎಲಿಫೆಂಟ್ ನೇಚರ್ ಪಾರ್ಕ್‌ನಂಥ ಕಡೆ ಕುರುಡಾದ, ಕಾಲು ಮುರಿದ, ಮುದಿಯಾದ ಆನೆಗಳನ್ನು ತಂದು ಸಾಕುತ್ತಾರೆ. ದೂರ ನಿಂತು ನೋಡುವುದು, ನಡೆಯುವುದು, ಅಷ್ಟೇ.

ದುಬಾರೆಯಲ್ಲಿ ಆನೆ ಮೈ ತಿಕ್ಕಿ ಬಂದವರಿಗೆ ಇದು ಸಪ್ಪೆ ಅನ್ನಿಸಬಹುದು. ಆದರೆ ದಿನಕ್ಕೆ ನಾಲ್ಕೈದು ಸಲ, ಹೊಸ ಹೊಸ ಗುಂಪಿನ ಜೊತೆ, ಫೋಟೊಗಾಗಿ ನೀರಿಗಿಳಿಯುವುದು ಆನೆಗೂ ಹಿಂಸೆ. ಹೆಸರಲ್ಲಿ ಸ್ಯಾಂಕ್ಚುರಿ ಎಂದಿದ್ದರೆ ಸಾಲದು. ಸವಾರಿ ಇದೆಯಾ, ಆಟ ಆಡಿಸುತ್ತಾರಾ, ಸ್ನಾನ ಮಾಡಿಸಬಹುದಾ ಎಂದು ಕೇಳಿ. ಎಲ್ಲದಕ್ಕೂ ಇಲ್ಲ ಎಂದವರು ವಾಸಿ.

ಕುತ್ತಿಗೆಗೆ ಹಿತ್ತಾಳೆ ಸುರುಳಿ ಹಾಕಿದ ಹೆಂಗಸರ ಹಳ್ಳಿ?

ಕಾಯಾನ್ ಜನ ಅವರು, ಮ್ಯಾನ್ಮಾರ್‌ನ ಯುದ್ಧದಿಂದ ತಪ್ಪಿಸಿಕೊಂಡು ಗಡಿ ದಾಟಿ ಬಂದವರು. ಎಷ್ಟೋ ಜನರಿಗೆ ಪೌರತ್ವ ಇಲ್ಲ, ಬೇರೆ ಕಡೆ ದುಡಿಯಲು ಹೋಗುವುದೂ ಕಷ್ಟ. ಟಿಕೆಟ್ ಇಟ್ಟು ಮನುಷ್ಯರನ್ನು ತೋರಿಸುವ ಆ ಹಳ್ಳಿಗಳಿಗೆ ಹೋಗಿ ಎಂದು ಹೇಳಲು ನನಗೆ ಮನಸ್ಸಿಲ್ಲ. ನಾವು ಹೋಗದಿದ್ದರೆ ಅವರಿಗೆ ಇರುವ ಆದಾಯವೂ ಹೋಗುತ್ತದೆ ಅನ್ನುವ ವಾದದಲ್ಲೂ ಹುರುಳಿದೆ. ಹೋಗುವುದಾದರೆ ಕೂತು ಮಾತಾಡಿ, ಅವರು ನೇಯ್ದ ಶಾಲು ಕೊಳ್ಳಿ.

ಸೋಂಗ್‌ಕ್ರಾನ್ ಸಮಯಕ್ಕೆ ಹೋಗಲಾ?

ನೆನೆಯಲು ಸಿದ್ಧವಿದ್ದರೆ. ಏಪ್ರಿಲ್ 13ರಿಂದ 15ರವರೆಗೆ ಅವರ ಹೊಸ ವರ್ಷ, ನಮ್ಮ ತುಳುನಾಡಿನ ಬಿಸು ಹಬ್ಬದ ಹೊತ್ತಿಗೇ. ಇಡೀ ಕಂದಕದ ಸುತ್ತ ಜನ ಬಕೆಟ್, ಪಿಚಕಾರಿ ಹಿಡಿದು ನಿಲ್ಲುತ್ತಾರೆ. ನೀರು ಕಂದಕದ್ದೇ, ಬಾಯಿ ಮುಚ್ಚಿಕೊಂಡಿರಿ. ಪಾಸ್‌ಪೋರ್ಟ್ ರೂಮಲ್ಲಿರಲಿ, ಮೊಬೈಲ್ ಪ್ಲಾಸ್ಟಿಕ್ ಚೀಲದಲ್ಲಿರಲಿ.

ನೀರಾಟದ ಗಲಾಟೆಯಲ್ಲಿ ಹೆಚ್ಚಿನವರು ನೋಡದೆ ಹೋಗುವುದು 13ರ ಮೆರವಣಿಗೆ. ಫ್ರಾ ಸಿಂಗ್ ಬುದ್ಧನನ್ನು ಗುಡಿಯಿಂದ ಹೊರಗೆ ತಂದು ಬೀದಿಯಲ್ಲಿ ಕರೆದೊಯ್ಯುತ್ತಾರೆ. ಜನ ಪರಿಮಳದ ನೀರನ್ನು ವಿಗ್ರಹಕ್ಕೆ ಚಿಮುಕಿಸುತ್ತಾರೆ. ಮನೆಗಳಲ್ಲಿ ಹಿರಿಯರ ಕೈಗೆ ನೀರೆರೆದು ಆಶೀರ್ವಾದ ಬೇಡುತ್ತಾರೆ. ಗುಡಿಯಂಗಳದಲ್ಲಿ ಮರಳಿನ ಸ್ತೂಪ ಕಟ್ಟಿ ಬಣ್ಣದ ಕಾಗದದ ಬಾವುಟ ಸಿಕ್ಕಿಸುತ್ತಾರೆ. 2023ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹಬ್ಬ ಇದು.

ಆಕಾಶಕ್ಕೆ ದೀಪ ಬಿಡುವ ಹಬ್ಬ ಯಾವಾಗ?

ಆಕಾಶದೀಪದ ಯೀ ಪೆಂಗ್, ನೀರಲ್ಲಿ ದೀಪ ತೇಲಿಬಿಡುವ ಲೋಯ್ ಕ್ರತೋಂಗ್ ಎರಡೂ ಹುಣ್ಣಿಮೆಗೆ ಜೊತೆಯಾಗಿ ಬರುತ್ತವೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ. ಹೆಚ್ಚಿನ ವರ್ಷ ನಮ್ಮ ಕಾರ್ತಿಕ ಹುಣ್ಣಿಮೆಯೇ. ಫೋಟೊಗಳಲ್ಲಿ ಕಾಣುವ, ಸಾವಿರಾರು ದೀಪಗಳು ಒಟ್ಟಿಗೆ ಏಳುವ ದೃಶ್ಯ ಊರ ಹೊರಗಿನ ಮೈದಾನಗಳದ್ದು, ಟಿಕೆಟ್ ಸಾವಿರಾರು ಬಾತ್. ಅಷ್ಟು ಕೊಡಬೇಕಾಗಿಲ್ಲ. ಬಾಳೆದಿಂಡಿನ ಬಿಲ್ಲೆಯ ಮೇಲೆ ಎಲೆ ಮಡಚಿ, ಹೂ, ದೀಪ ಇಟ್ಟು ಪಿಂಗ್ ನದಿಯಲ್ಲಿ ತೇಲಿಬಿಡುವುದಕ್ಕೆ ಯಾರೂ ಟಿಕೆಟ್ ಕೇಳುವುದಿಲ್ಲ. ನಾವರಾಟ್ ಸೇತುವೆಯ ಹತ್ತಿರ ನಿಂತರೆ ಎಲ್ಲ ಕಾಣುತ್ತದೆ. ವಾಟ್ ಫಾನ್ ತಾವ್‌ನ ಕೊಳದ ಸುತ್ತ ಭಿಕ್ಷುಗಳು ದೀಪ ಹಚ್ಚುತ್ತಾರೆ, ಅಲ್ಲಿ ಜಾಗ ಹಿಡಿಯಲು ಮಾತ್ರ ಬೇಗ ಹೋಗಬೇಕು. ಊರೊಳಗೆ ಆಕಾಶದೀಪ ಬಿಡಲು ಸಮಯ, ಜಾಗದ ನಿರ್ಬಂಧ ಇರುತ್ತದೆ. ಆ ರಾತ್ರಿಗಳಲ್ಲಿ ವಿಮಾನಗಳ ವೇಳೆಯೂ ಬದಲಾಗುತ್ತದೆ, ರದ್ದೂ ಆಗುತ್ತವೆ. ಹಬ್ಬದ ರಾತ್ರಿಗೆ ಟಿಕೆಟ್ ಮಾಡಿಸಬೇಡಿ.

ಒಂದು ದಿನದ ಹೊರ ಪ್ರವಾಸಕ್ಕೆ ಎಲ್ಲಿಗೆ ಹೋಗಲಿ?

ದೊಯ್ ಇಂತನೋನ್. 2,565 ಮೀಟರ್, ಥಾಯ್ಲೆಂಡ್‌ನಲ್ಲೇ ಎತ್ತರದ ಬೆಟ್ಟ. ನಮ್ಮ ಮುಳ್ಳಯ್ಯನಗಿರಿ 1,930. ತುದಿಯವರೆಗೂ ಕಾರು ಹೋಗುತ್ತದೆ, ಆದರೆ ತುದಿಯಲ್ಲಿ ಕಾಣುವುದು ಮರ ಮತ್ತು ಮಂಜು ಮಾತ್ರ. ನೋಟ ಚೆನ್ನಾಗಿರುವುದು ಸ್ವಲ್ಪ ಕೆಳಗೆ, ರಾಜ ರಾಣಿಯರ ಅರವತ್ತರ ನೆನಪಿಗೆ ಕಟ್ಟಿದ ಜೋಡಿ ಸ್ತೂಪಗಳ ಬಳಿ. ದಾರಿಯಲ್ಲಿ ವಚಿರಾಥಾನ್ ಜಲಪಾತ ಇದೆ. ಜೋಗ ನೋಡಿದವರು ಅದಕ್ಕೆ ಬಾಯಿ ಬಿಡುವುದಿಲ್ಲ ಬಿಡಿ. ಡಿಸೆಂಬರ್, ಜನವರಿಯಲ್ಲಿ ಸ್ವೆಟರ್ ಮರೆಯಬೇಡಿ.

ಚಿಯಾಂಗ್ ರಾಯ್‌ನ ಬಿಳಿ ಗುಡಿ ಚೆನ್ನಾಗಿದೆ. ಚಲೆರ್ಮ್‌ಚಾಯ್ ಕೊಸಿತ್‌ಪಿಪಾಟ್ ಎಂಬ ಕಲಾವಿದ 1997ರಿಂದ ಕಟ್ಟಿಸುತ್ತಾ ಬಂದಿರುವುದು. ಆದರೆ ಹೋಗಲು ಮೂರು ಗಂಟೆಗೂ ಮೇಲೆ, ಬರಲು ಅಷ್ಟೇ. ಅಲ್ಲೊಂದು ರಾತ್ರಿ ಉಳಿಯುವುದಾದರೆ ಮಾತ್ರ ಹೋಗಿ. ಪಾಯ್ ಎಂಬ ಬೆಟ್ಟದ ಊರಿಗೆ ಹೋಗುವ ದಾರಿಯಲ್ಲಿ 762 ತಿರುವುಗಳು. ಚಾರ್ಮಾಡಿ ಘಾಟಿಯಲ್ಲಿ ವಾಂತಿ ಮಾಡುವವರು ಯೋಚಿಸಿ.

ಮಸಾಜ್ ಮಾಡಿಸಿಕೊಳ್ಳಲು ಮುಜುಗರ.

ಬೇಡ. ಬಟ್ಟೆ ಹಾಕಿಕೊಂಡೇ ಮಾಡಿಸಿಕೊಳ್ಳುವುದು, ಅವರೇ ಸಡಿಲವಾದ ಅಂಗಿ, ಪೈಜಾಮ ಕೊಡುತ್ತಾರೆ. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ವಿದ್ಯೆ. ಬುದ್ಧನ ಕಾಲದ ವೈದ್ಯ ಜೀವಕನೇ ಇದರ ಮೂಲಗುರು ಎಂದು ಅವನಿಗೆ ಕೈ ಮುಗಿದು ಶುರು ಮಾಡುವವರಿದ್ದಾರೆ. ಹಳೇ ಊರಿನಲ್ಲಿ ಮಹಿಳಾ ಜೈಲಿನವರು ನಡೆಸುವ ಮಸಾಜ್ ಕೇಂದ್ರ ಇದೆ, ಬಿಡುಗಡೆಗೆ ಹತ್ತಿರ ಬಂದವರಿಗೆ ಕೆಲಸ ಕಲಿಸಿರುತ್ತಾರೆ. ನೋವಾದರೆ ಬಾವೊ ಬಾವೊ ಅನ್ನಿ, ಮೆಲ್ಲಗೆ ಮಾಡುತ್ತಾರೆ.

ಓಡಾಟಕ್ಕೆ ಏನು ಮಾಡುವುದು?

ಕೆಂಪು ಬಣ್ಣದ ಸೊಂಗ್‌ಥೇವ್ ಎಲ್ಲೆಲ್ಲೂ ಸಿಗುತ್ತದೆ. ಹಿಂದೆ ಎದುರುಬದುರು ಎರಡು ಬೆಂಚು ಇರುವ ಟೆಂಪೊ. ಕೈ ತೋರಿಸಿ, ಜಾಗ ಹೇಳಿ, ಅವರು ತಲೆಯಾಡಿಸಿದರೆ ಹತ್ತಿ. ಊರೊಳಗೆ ಒಬ್ಬರಿಗೆ ಸುಮಾರು 30-40 ಬಾತ್. ಗ್ರಾಬ್, ಬೋಲ್ಟ್ ಆ್ಯಪ್‌ಗಳೂ ಇವೆ.

ಬಾಡಿಗೆ ಸ್ಕೂಟರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮ ಹಾಗೇ ಎಡಬದಿಯ ಸಂಚಾರ, ಅದೊಂದು ಅನುಕೂಲ. ಆದರೆ ನಮ್ಮ ಲೈಸೆನ್ಸ್ ಒಂದೇ ಸಾಲದು, ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಹೋಗಿ. ಕಂದಕದ ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿ ಕೇಳುತ್ತಾರೆ. ದಂಡ ಹೋಗಲಿ, ಪರವಾನಗಿ ಇಲ್ಲದೆ ಬಿದ್ದು ಕೈ ಮುರಿದರೆ ವಿಮೆಯವರು ದುಡ್ಡು ಕೊಡುವುದಿಲ್ಲ. ಪಾಸ್‌ಪೋರ್ಟ್ ಒತ್ತೆ ಇಡಿ ಎನ್ನುವ ಅಂಗಡಿಯಿಂದ ಎದ್ದು ಬನ್ನಿ.

ಬುದ್ಧನ ವಿಗ್ರಹ ಕೊಂಡು ತರಬಹುದಾ?

ಸುಮ್ನೆ ಸೂಟ್‌ಕೇಸಿಗೆ ಹಾಕಿಕೊಂಡು ತರುವ ಹಾಗಿಲ್ಲ. ಬುದ್ಧನ ವಿಗ್ರಹ ದೇಶದಿಂದ ಹೊರಗೆ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು. ಕತ್ತಿಗೆ ಹಾಕುವ ಸಣ್ಣ ತಾಯಿತಕ್ಕೆ ತೊಂದರೆ ಮಾಡುವುದಿಲ್ಲ.

ವೀಸಾ?

2023ರ ನವೆಂಬರ್‌ನಿಂದ ಭಾರತೀಯರನ್ನು ವೀಸಾ ಇಲ್ಲದೆ ಬಿಡಲು ಶುರು ಮಾಡಿದರು. ಎಷ್ಟು ದಿನಕ್ಕೆ ಅನ್ನುವುದು ಬದಲಾಗುತ್ತಿರುತ್ತದೆ, ಟಿಕೆಟ್ ಮಾಡಿಸುವ ಮುಂಚೆ ರಾಯಭಾರ ಕಚೇರಿಯ ಪುಟ ನೋಡಿ. 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ತುಂಬುವುದು ಕಡ್ಡಾಯ. ಅದು ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ಇ-ಸಿಗರೇಟ್ ಒಯ್ಯಬೇಡಿ, ಅಲ್ಲಿ ಕಾನೂನುಬಾಹಿರ.

ಕೊನೆಯ ದಿನ ಅರ್ಧ ದಿನ ಉಳಿದಿದೆ. ಏನು ಮಾಡಲಿ?

ವಿಮಾನ ನಿಲ್ದಾಣ ಹಳೇ ಊರಿನಿಂದ ನಾಲ್ಕೈದು ಕಿಲೋಮೀಟರ್ ಅಷ್ಟೇ, ಹಾಗಾಗಿ ಅವಸರ ಬೇಡ. ನದಿ ದಡದ ವಾರೊರೊಟ್ ಮಾರುಕಟ್ಟೆಗೆ ಹೋಗಿ. ಊರಿನವರು ಕಾಡ್ ಲುವಾಂಗ್ ಎನ್ನುತ್ತಾರೆ. ಟೂರಿಸ್ಟರಿಗಿಂತ ಊರಿನ ಜನವೇ ಜಾಸ್ತಿ. ಕೆಳಗೆ ತಿಂಡಿ, ಒಣಹಣ್ಣು, ಮಸಾಲೆ, ಮೇಲೆ ಬಟ್ಟೆ, ಪಕ್ಕದಲ್ಲೇ ಹೂವಿನ ಮಾರುಕಟ್ಟೆ. ಸಂತೆಯಲ್ಲಿ ನೋಡಿದ ಎಷ್ಟೋ ಸಾಮಾನು ಇಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಸುಟ್ಟ ಹಸಿಮೆಣಸಿನಕಾಯಿಯ ಚಟ್ನಿ ನಾಮ್ ಪ್ರಿಕ್ ನುಮ್ ಇಷ್ಟವಾಗಿದ್ದರೆ ಪ್ಯಾಕ್ ಮಾಡಿಕೊಡುತ್ತಾರೆ. ಕೆಲವದರಲ್ಲಿ ಮೀನು ಇರುತ್ತದೆ, ಕೇಳಿಯೇ ಕೊಳ್ಳಿ. ಅದನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ಸೆಕ್ಯೂರಿಟಿಯವರು ತೆಗೆದಿಡುತ್ತಾರೆ, ಚೆಕ್-ಇನ್ ಬ್ಯಾಗಿಗೆ ಹಾಕಿ.